ರಾಯಚೂರು ಸೀಮೆಯ ಪ್ರೌಢವಿದ್ಯೆಯೂ ವಿದ್ಯಾರ್ಥಿಗಳ ಪಂಕ್ತಿಯೂ

ಮಠಗಳ ಮಹೋತ್ಸವ ಸಂಪುಟಗಳಲ್ಲಿ ಗುರುಪರಂಪರೆಯ ನಾಮಾವಳಿಯೂ, ಗದ್ದುಗೆಯ ಜೀರ್ಣೋದ್ಧಾರದ ವೃತ್ತಾಂತವೂ, ಜಾತ್ರೆ ತೇರುಗಳ ವರ್ಣನೆಯೂ ಇರುವುದು ರೂಢಿಯಾಗಿದೆ. ಅವೆಲ್ಲವೂ ಇರತಕ್ಕವುಗಳೇ. ಆದರೆ ಮುಂಗಾರಿನ ಮೊದಲ ಮಳೆ ಬಿದ್ದು ಎರೆಹೊಲದ ದಾರಿಗಳು ಕೆಸರಾಗುವ ಹೊತ್ತಿಗೆ, ಒಂದು ತಗಡಿನ ಪೆಟ್ಟಿಗೆಯನ್ನೂ ಒಂದು ಕೌದಿಯ ಗಂಟನ್ನೂ ಹೊತ್ತುಕೊಂಡು ಮಠದ ಅಗಸೆಯ ಮುಂದೆ ಬಂದು ನಿಂತ ಹುಡುಗರ ಚರಿತ್ರೆಯನ್ನು ಬರೆದವರು ಕಡಿಮೆ. ಅರಸರ ಶಾಸನಗಳಿಗೆ ಕಲ್ಲು ದೊರೆಯಿತು, ಗುರುಗಳ ಲೀಲೆಗಳಿಗೆ ತಾಳೆಗರಿ ದೊರೆಯಿತು. ಈ ಹುಡುಗರಿಗೆ ದೊರೆತದ್ದು ಶಾಲೆಯ ಹಾಜರಿ ಪುಸ್ತಕ, ಉಗ್ರಾಣದ ಲೆಕ್ಕದ ಪುಸ್ತಕ, ಅವಧಿಗೊಮ್ಮೆ ಮುಖ್ಯೋಪಾಧ್ಯಾಯರು ಓದುತ್ತಿದ್ದ ವರದಿ, ಇಷ್ಟೇ. ಅಂಥ ವರದಿಯಲ್ಲಿ ಇಷ್ಟು ಜನ ಪರೀಕ್ಷೆಗೆ ಕುಳಿತರು, ಇಷ್ಟು ಜನ ತೇರ್ಗಡೆಯಾದರು, ಆಟೋಟಗಳಲ್ಲಿ ಇಂಥವರಿಗೆ ಬಹುಮಾನ ಬಂದಿತು ಎಂದಿರುತ್ತದೆ. ಅವರು ಎಲ್ಲಿ ಮಲಗಿದರು, ಏನು ಉಂಡರು, ಯಾರ ಪಕ್ಕದಲ್ಲಿ ಕುಳಿತು ಉಂಡರು ಎಂಬುದು ಇರುವುದಿಲ್ಲ. ಕುರ್ಡಿ, ಮಾನ್ವಿ, ದೇವದುರ್ಗ, ರಾಯಚೂರು ಸೀಮೆಯ ಸದ್ಭಕ್ತರ ಮುಂದೆ ಆ ಬಿಟ್ಟುಹೋದ ಭಾಗದ ವಿಷಯವಾಗಿಯೇ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಲು ಅಪೇಕ್ಷಿಸುತ್ತೇನೆ. ನಮ್ಮ ಸೀಮೆಗೆ ಪ್ರೌಢವಿದ್ಯೆಯು ದೂರದ ಪಟ್ಟಣದಲ್ಲಿ, ಮನೆಯಲ್ಲಿ ಆಡದ ಭಾಷೆಯಲ್ಲಿ ಬಂದಿಳಿಯಿತು. ಅದು ಹಳ್ಳಿಯ ಮಕ್ಕಳ ಕೈಗೆ ಎಟುಕಿದ್ದು ಪಾಠದಿಂದ ಮಾತ್ರವಲ್ಲ, ಪಾಠಕ್ಕಿಂತ ಮೊದಲು ದೊರೆತ ಪ್ರಸಾದದ ಪಂಕ್ತಿಯಿಂದ ಎಂಬುದೇ ನನ್ನ ಅಭಿಪ್ರಾಯವು.

ಮೊದಲು ಹಳೆಯ ಸಾಲಿಯ ಮಾತು. ಸರಕಾರದ ಶಾಲೆಗಳು ಹುಟ್ಟುವುದಕ್ಕೆ ಮುಂಚೆ ಹಳ್ಳಿಯಲ್ಲಿ ಮಠದ ಜಗಲಿಯೋ ಗುಡಿಯ ಪೌಳಿಯೋ ಸಾಲಿಯಾಗಿದ್ದಿತು. ಕಲಿಸುವವರು ಹೆಚ್ಚಾಗಿ ಅಯ್ಯನವರು. ಸಂಬಳವು ಕಾಳುಕಡಿ, ಬೆಲ್ಲ, ಹಬ್ಬದ ದಿನದ ಎಡೆ. ಉಸುಕಿನ ಮೇಲೆ ಬೆರಳಿನಿಂದ ತಿದ್ದಿ ಅಕ್ಷರವನ್ನು ಕಲಿತು, ಮಗ್ಗಿ, ಕಾಲು ಅರೆ ಮುಕ್ಕಾಲುಗಳ ಲೆಕ್ಕ, ಓಲೆ ಬರೆಯುವ ಕ್ರಮ, ನಾಲ್ಕಾರು ವಚನ, ಒಂದೆರಡು ಪುರಾಣದ ಸಂಧಿಗಳವರೆಗೆ ಬಂದರೆ ಅಲ್ಲಿಗೆ ವಿದ್ಯೆ ಮುಗಿಯಿತು. ಹುಡುಗನು ಹೊಲಕ್ಕೋ ಅಂಗಡಿಗೋ ಹೋದನು. ಇಂದಿನ ಅರ್ಥದ ಅವಧಿ, ರಜೆ, ಪರೀಕ್ಷೆಗಳು ಅಲ್ಲಿರಲಿಲ್ಲ; ಬಿತ್ತನೆಯೂ ಸುಗ್ಗಿಯೂ ರಜೆಯನ್ನು ಗೊತ್ತುಮಾಡುತ್ತಿದ್ದವು. ಆದರೆ ಒಂದು ಉತ್ಸವವು ತಪ್ಪುತ್ತಿರಲಿಲ್ಲ. ಮಹಾನವಮಿಯ ಹೊತ್ತಿಗೆ ಮಕ್ಕಳು ಕೋಲು ಹಿಡಿದು, ಮಾಸ್ತರರನ್ನು ಮುಂದಿಟ್ಟುಕೊಂಡು, ಮನೆಮನೆಯ ಮುಂದೆ ಮಹಾನವಮಿಯ ಪದಗಳನ್ನು ಹಾಡಿ ಕಾಣಿಕೆಯನ್ನು ತರುತ್ತಿದ್ದರು. ಬಂದ ದುಡ್ಡು ಗುರುಗಳಿಗೆ, ಬಂದ ಬೆಲ್ಲ ಕೊಬ್ಬರಿಗಳು ಮಕ್ಕಳಿಗೆ. ವಿದ್ಯಾರ್ಥಿ ಸಂಘವೆಂದು ಈಗ ನಾವು ಕರೆಯುವುದರ ಮೂಲವನ್ನು ಹುಡುಕುವವರು ಈ ಕೋಲಾಟದ ಮೇಳದಿಂದಲೇ ಆರಂಭಿಸಬೇಕು. ಅದರಲ್ಲಿ ಎಲ್ಲ ಜಾತಿಯ ಮಕ್ಕಳೂ ಇದ್ದರೆಂದಾಗಲಿ, ಹೆಣ್ಣುಮಕ್ಕಳಿದ್ದರೆಂದಾಗಲಿ ಹೇಳಿದರೆ ಅದು ಸುಳ್ಳು. ಹಳೆಯದೆಲ್ಲವೂ ಹೊನ್ನೆಂಬ ಭ್ರಮೆ ಬೇಡ.

ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ದೋಆಬ್ ಪ್ರಾಂತವು ಹೈದರಾಬಾದ ನಿಜಾಮರ ಆಳ್ವಿಕೆಯಲ್ಲಿದ್ದುದು ಸರ್ವವಿದಿತ. 1853ರಲ್ಲಿ ಸಾಲದ ಬಾಬ್ತು ಇಂಗ್ಲಿಷರ ಕೈಗೆ ಹೋಗಿ, 1860ರಲ್ಲಿ ಮರಳಿ ನಿಜಾಮರಿಗೆ ಸೇರಿತು. ಆ ಏಳು ವರ್ಷಗಳು ಇನ್ನೂ ಮುಂದುವರಿದಿದ್ದರೆ ನಮ್ಮ ಮಕ್ಕಳು ಬಳ್ಳಾರಿಯ ಮಕ್ಕಳ ಹಾಗೆ ಕನ್ನಡ ಇಂಗ್ಲಿಷುಗಳನ್ನು ಓದುತ್ತಿದ್ದರೋ ಏನೋ. ಚರಿತ್ರೆಯಲ್ಲಿ ಇಂಥ 'ಒಂದು ವೇಳೆ'ಗಳಿಗೆ ಬೆಲೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದುವು ಬಂದು ಕಚೇರಿಯ ಭಾಷೆಯಾಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾಗಿ ಉಚ್ಚಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯತೊಡಗಿತು. ಕೆಳಗಿನ ಶಾಲೆಗೆ ತಹತಾನಿಯಾ, ನಡುವಿನದಕ್ಕೆ ವಸ್ತಾನಿಯಾ, ಮೇಲಿನದಕ್ಕೆ ಫೌಖಾನಿಯಾ ಎಂದು ಹೆಸರು. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ಅಷ್ಟಿಷ್ಟು ಎಡೆಯಿದ್ದರೂ, ಮೆಟ್ಟಿಲು ಏರಿದಂತೆಲ್ಲ ಅದು ಹಿಂದೆ ಉಳಿಯುತ್ತಿದ್ದಿತು. ಫೌಖಾನಿಯಾವನ್ನು ಮುಟ್ಟುವ ಹೊತ್ತಿಗೆ ಗಣಿತವೂ ಭೂಗೋಲವೂ ಚರಿತ್ರೆಯೂ ಉರ್ದುವಿನಲ್ಲಿಯೇ. ಇಸವಿಯ ಲೆಕ್ಕವೂ ಬೇರೆ: ಸರಕಾರದ ಕಾಗದಗಳಲ್ಲೆಲ್ಲ ಫಸಲಿ ವರ್ಷ, ಸುಮಾರು 590ನ್ನು ಕೂಡಿಸಿದರೆ ನಮ್ಮ ಇಸವಿ ಬರುವುದು. ವಾರದ ರಜೆ ಶುಕ್ರವಾರ. ಊರಿನಲ್ಲಾದರೋ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗವಿಲ್ಲ. ಹುಡುಗನು ಊರಿನಲ್ಲಿ ಒಂದು ವಾರವನ್ನೂ ಶಾಲೆಯಲ್ಲಿ ಇನ್ನೊಂದು ವಾರವನ್ನೂ ಎಣಿಸಿಕೊಂಡು ಬೆಳೆಯುತ್ತಿದ್ದನು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದೋಷವು ಉರ್ದು ಭಾಷೆಯದಲ್ಲ. ರಾಯಚೂರಿನ ಬಳಿಯ ಹೆಂಬೇರಾಳದಲ್ಲಿ 1924ರಲ್ಲಿ ಹುಟ್ಟಿದ ಶಾಂತರಸರು ಉರ್ದುವನ್ನು ಬಲ್ಲವರಾಗಿದ್ದುದರಿಂದಲೇ ಗಜಲ್ ಎಂಬ ಕಾವ್ಯಪ್ರಕಾರವು ಕನ್ನಡಕ್ಕೆ ಬಂದು ಬೇರೂರಿತು. ಅವರು 2006ರ ಬೀದರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಅಂದು ರಾಯಚೂರು ಜಿಲ್ಲೆಗೇ ಸೇರಿದ್ದ ಯಲಬುರ್ಗಿ ತಾಲೂಕಿನ ದ್ಯಾಂಪುರದ ಸಿದ್ಧಯ್ಯ ಪುರಾಣಿಕರು ಉರ್ದುವಿನ ಮೂಲಕ ವಿದ್ಯೆಯನ್ನು ಪಡೆದು ಕನ್ನಡದ ಕಾವ್ಯಾನಂದರಾದರು. ಆದರೆ ಇಂಥವರು ಅಸಾಮಾನ್ಯರು. ಸಾಮಾನ್ಯನಾದ ರೈತನ ಮಗನಿಗೆ ಎರಡು ಹೊರೆ: ವಿಷಯವೂ ಹೊಸದು, ಅದನ್ನು ಹೇಳುವ ಮಾತೂ ಹೊಸದು. ಅವನು ನಾಲ್ಕನೆಯ ತರಗತಿಯಲ್ಲಿಯೇ ಪಾಟಿಯನ್ನು ಗೂಟಕ್ಕೆ ನೇತುಹಾಕಿ ಕುರಿ ಕಾಯಲು ಹೋದರೆ ಆಶ್ಚರ್ಯವೇನು? 1924ರ ಸುಮಾರಿಗೆ, ಪೂರ್ವಾನುಮತಿಯಿಲ್ಲದೆ ಖಾನಗಿ ಶಾಲೆಗಳನ್ನು ತೆರೆಯಕೂಡದೆಂಬ ನಿಬಂಧನೆಯೂ ಹೊರಟಿತು. ಅಯ್ಯನವರ ಜಗಲಿಯ ಸಾಲಿಗೂ ಇದರಿಂದ ಭಯವುಂಟಾಯಿತು.

ಇನ್ನು ದೂರದ ಮಾತು. ರಾಯಚೂರು ಪಟ್ಟಣಕ್ಕೆ 1871ರಲ್ಲಿಯೇ ಉಗಿಬಂಡಿ ಬಂದಿತು. ಮುಂಬಯಿಯಿಂದ ಬಂದ ದಾರಿಯೂ ಮದ್ರಾಸಿನಿಂದ ಬಂದ ದಾರಿಯೂ ಅಲ್ಲಿಯೇ ಕೂಡಿದವು. ಮುಂಬಯಿಯು ಹೀಗೆ ರಾಯಚೂರಿಗೆ ಹತ್ತಿರವಾಯಿತು. ಕುರ್ಡಿಯಂತಹ ಹಳ್ಳಿಯು ಮಾತ್ರ ರಾಯಚೂರಿಗೆ ಹಿಂದಿನಷ್ಟೇ ದೂರವಾಗಿ ಉಳಿಯಿತು. ಹಳ್ಳಿಯಿಂದ ಚಕ್ಕಡಿ ಕಟ್ಟಿಕೊಂಡು ಹೊರಟರೆ ಮಳೆಗಾಲದಲ್ಲಿ ಎರೆಮಣ್ಣು ಗಾಲಿಯನ್ನು ಹಿಡಿದುಕೊಳ್ಳುವುದು. ಪಟ್ಟಣವನ್ನು ಮುಟ್ಟಿದ ಮೇಲೆ ಹುಡುಗನನ್ನು ಎಲ್ಲಿ ಬಿಡಬೇಕು? ನೆಂಟರ ಮನೆಯಿದ್ದವನು ಭಾಗ್ಯವಂತ. ಇಲ್ಲದವನು ಖಾನಾವಳಿಗೆ ದುಡ್ಡು ತೆರಬೇಕು. ಇಲ್ಲವೆ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ವಾರದ ಊಟಕ್ಕೆ ಹೋಗಬೇಕು. ವಾರಾನ್ನದ ಕಷ್ಟವನ್ನು ಉಂಡವರೇ ಬಲ್ಲರು. ಮನೆಯವರು ಊರಿಗೆ ಹೋದ ದಿನ ಉಪವಾಸ. ಯಜಮಾನಿಯ ಮುಖ ಗಂಟಾದ ದಿನ ಗಂಟಲಲ್ಲಿ ತುತ್ತು ಇಳಿಯದು. ಫೀಯು ಸಾಲದೆ ಶಾಲೆ ಬಿಟ್ಟವರಿಗಿಂತ ಊಟ ಸಾಲದೆ ಶಾಲೆ ಬಿಟ್ಟವರೇ ಹೆಚ್ಚೆಂದು ನಾನು ನಂಬುತ್ತೇನೆ.

ನದಿಯ ಆಚೆ, ಇಂಗ್ಲಿಷರ ಆಳ್ವಿಕೆಯ ಕನ್ನಡ ನಾಡಿನಲ್ಲಿ, ಈ ಪ್ರಶ್ನೆಗೆ ಉತ್ತರವನ್ನು ಹುಡುಕುವ ಕೆಲಸವು ಮೊದಲೇ ಆರಂಭವಾಗಿದ್ದಿತು. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಮುಂದಾಗಿ ಲಿಂಗಾಯತ ವಿದ್ಯಾರ್ಥಿಗಳ ಸಹಾಯಕ್ಕಾಗಿ ನಿಧಿಯನ್ನು ಕೂಡಿಸಿದರು. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಹಾನಗಲ್ಲ ಕುಮಾರ ಸ್ವಾಮಿಗಳು 1904ರಲ್ಲಿ ಮಹಾಸಭೆಯನ್ನು ಕೂಡಿಸಿ, 1909ರಲ್ಲಿ ಮಲಪಹಾರಿಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರಿಂದ ಕೆ. ಎಲ್. ಇ. ಸಂಸ್ಥೆಯೂ, ಅದೇ ವರ್ಷ ನಮಗೆ ನೆರೆಯದಾದ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವೂ ಹುಟ್ಟಿದವು. ಮರುವರ್ಷ, 1917ರಲ್ಲಿ, ತುಮಕೂರಿನ ಬಳಿ ಸಿದ್ಧಗಂಗೆಯಲ್ಲಿ ಉದ್ಧಾನ ಶಿವಯೋಗಿಗಳು ಸಂಸ್ಕೃತ ಪಾಠಶಾಲೆಯನ್ನೂ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದವನ್ನೂ ಆರಂಭಿಸಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಯಿಸಿದ ಪ್ರಸಾದನಿಲಯದ ಹೆಸರನ್ನು ಕೇಳದ ಮನೆ ಉತ್ತರ ಕರ್ನಾಟಕದಲ್ಲಿ ವಿರಳ. ನಮ್ಮ ಮೊಗಲಾಯಿಯಿಂದಲೂ ಗಡಿಯನ್ನು ದಾಟಿ ಬಳ್ಳಾರಿಗೆ, ಗದುಗಿಗೆ, ಧಾರವಾಡಕ್ಕೆ ಹೋಗಿ ಕನ್ನಡದಲ್ಲಿ ಓದಿದ ಹುಡುಗರುಂಟು.

ಪ್ರಸಾದನಿಲಯವೆಂದರೆ ಏನೆಂಬುದನ್ನು ಇಂದಿನ ಮಕ್ಕಳಿಗೆ ಕೊಂಚ ವಿವರಿಸಬೇಕು. ಕಟ್ಟಡವೆಂದರೆ ಬಹುಶಃ ಮಠದ ಹಳೆಯ ಪಡಸಾಲೆ, ಒಂದು ದಾಸೋಹದ ಮನೆ, ಒಂದು ಬಾವಿ. ಬಂಡವಾಳವೆಂದರೆ ಶ್ರೀಗಳ ಜೋಳಿಗೆ. ಸುಗ್ಗಿ ಮುಗಿಯುತ್ತಲೇ ಸ್ವಾಮಿಗಳು ಹಳ್ಳಿ ಹಳ್ಳಿಗೆ ಭಿಕ್ಷೆಗೆ ಹೊರಡುವರು. ಬಂಡಿಗಳಲ್ಲಿ ಬಂದ ಜೋಳವು ಹಗೇವಿನಲ್ಲಿ ಬೀಳುವುದು. ಕೆಲವು ಮನೆಗಳಲ್ಲಿ ತಾಯಂದಿರು ದಿನವೂ ಬೀಸುವ ಮೊದಲು ಒಂದು ಮುಷ್ಟಿ ಕಾಳನ್ನು ಬೇರೆ ಗಡಿಗೆಯಲ್ಲಿ ತೆಗೆದಿಟ್ಟು ತಿಂಗಳಿಗೊಮ್ಮೆ ಮಠಕ್ಕೆ ಕಳುಹಿಸುವರು. ಓದು ಬಾರದ ಆ ತಾಯಂದಿರ ಮುಷ್ಟಿಯಿಂದ ಎಷ್ಟು ಮಂದಿ ಮಾಸ್ತರರೂ ವಕೀಲರೂ ವೈದ್ಯರೂ ಆದರೆಂಬುದಕ್ಕೆ ಲೆಕ್ಕವಿಲ್ಲ. ವರದಿಯಲ್ಲಿ ದಾನಿಗಳ ಹೆಸರುಗಳನ್ನು ಓದುವಾಗ ಅವರ ಹೆಸರು ಬರುವುದೂ ಇಲ್ಲ.

ದಿನಚರಿಯು ಎಲ್ಲ ಕಡೆಗೂ ಸುಮಾರಾಗಿ ಒಂದೇ. ಬೆಳಗಿನ ಜಾವದ ಗಂಟೆ, ಬಾವಿಯ ತಣ್ಣೀರು, ವಿಭೂತಿ, ಸಾಮೂಹಿಕ ಪ್ರಾರ್ಥನೆ, ಅನಂತರ ಗಟ್ಟಿಯಾಗಿ ಓದು. ನಾಲ್ಕು ಜನಕ್ಕೆ ಒಂದು ಕಂದೀಲು. ದೀಪದ ಹತ್ತಿರದ ಸ್ಥಳಕ್ಕಾಗಿ ನಡೆದ ಜಗಳಗಳು ಬೇಕಾದಷ್ಟು. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಕೆಲವು ದಿನ ನುಚ್ಚು, ಕೆಲವು ದಿನ ಸಂಕಟಿ. ಅಕ್ಕಿಯ ಅನ್ನವು ಹಬ್ಬಕ್ಕೆ. ಬರಗಾಲದ ವರ್ಷ ರೊಟ್ಟಿಗಳ ಸಂಖ್ಯೆ ಇಳಿಯುವುದು, ಅಂಬಲಿಯ ನೀರು ಏರುವುದು. ಸಾಯಂಕಾಲ ಕಸ ಗುಡಿಸುವ, ನೀರು ಸೇದುವ, ಬಡಿಸುವ ಕೆಲಸಗಳನ್ನು ಸರದಿಯ ಮೇಲೆ ಹಂಚುವರು. ಊರ ಗೌಡರ ಮಗನಿಗೂ ಗೌಡರ ಮನೆಯ ಆಳಿನ ಮಗನಿಗೂ ಕಸಬರಿಗೆ ಒಂದೇ. ಶಾಲೆಯ ಪಾಠದಲ್ಲಿ ಇಲ್ಲದ ಈ ಪಾಠವನ್ನು ಕಾಯಕವೆಂದು ಕರೆದರೆ ಅತಿಶಯೋಕ್ತಿಯಾಗದು. ಹಿರಿಯ ವಿದ್ಯಾರ್ಥಿಗಳಲ್ಲಿ ಒಬ್ಬನು ಉಗ್ರಾಣದ ಲೆಕ್ಕವನ್ನು ಇಡುವನು, ಒಬ್ಬನು ಕಿರಿಯರಿಗೆ ಲೆಕ್ಕ ಹೇಳಿಕೊಡುವನು, ಅಕ್ಷರ ದುಂಡಗಿದ್ದವನು ಕೈಬರಹದ ಪತ್ರಿಕೆಯನ್ನು ಬರೆದು ಗೋಡೆಗೆ ಅಂಟಿಸುವನು. ಶ್ರಾವಣದಲ್ಲಿ ಪುರಾಣ, ಬಸವ ಜಯಂತಿಗೆ ಭಾಷಣ, ದಸರೆಯ ರಜೆಗೆ ಮುಂಚೆ ಒಂದು ನಾಟಕ. ರಜೆಗೆ ಊರಿಗೆ ಹೋದ ಹುಡುಗನು ಮರಳಿ ಬರುವಾಗ ಅವ್ವ ಕಟ್ಟಿಕೊಟ್ಟ ಖಟಿ ರೊಟ್ಟಿಯ ಗಂಟನ್ನು ತಂದರೆ ಅದು ಒಂದು ರಾತ್ರಿಯಲ್ಲಿಯೇ ಪಡಸಾಲೆಯವರಿಗೆಲ್ಲ ಹಂಚಿಹೋಗುತ್ತಿದ್ದಿತು. ಬಚ್ಚಿಟ್ಟವನಿಗೆ ಆ ಅವಧಿಯೆಲ್ಲ ಅಡ್ಡಹೆಸರು ತಪ್ಪುತ್ತಿರಲಿಲ್ಲ.

ನಿಜಾಮ ಇಲಾಖೆಯ ಒಳಗೆ ಕೆಲಸವು ಹೀಗೆ ಸರಾಗವಾಗಿರಲಿಲ್ಲ. ಆದರೂ ನಡೆಯಿತು. ಕಲಬುರ್ಗಿಯಲ್ಲಿ 1907ರಲ್ಲಿಯೇ ನೂತನ ವಿದ್ಯಾಲಯವು ಸ್ಥಾಪನೆಯಾಗಿದ್ದಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು 1920ರಲ್ಲಿ ಹಮ್‌ದರ್ದ್ ಶಾಲೆಯನ್ನು ತೆರೆದರು. ಮಂಗಳೂರಿನ ಕಡೆಯಿಂದ ಬಂದ ಈ ಮಹಾನುಭಾವರು ಲಿಂಗಾಯತರಲ್ಲ, ಯಾವ ಮಠದವರೂ ಅಲ್ಲ. ಆದರೆ ರಾಯಚೂರು ಸೀಮೆಯ ವಿದ್ಯೆಯ ಚರಿತ್ರೆಯನ್ನು ಬರೆಯುವ ಯಾವನೇ ಆಗಲಿ ಅವರಿಗೆ ನಮಸ್ಕರಿಸದೆ ಮುಂದೆ ಹೋಗಲಾಗದು. ಶಾಲೆಗೆ ಅವರಿಟ್ಟ ಹೆಸರನ್ನೇ ನೋಡಿರಿ: ಹಮ್‌ದರ್ದ್ ಎಂದರೆ ಸಹವೇದನೆ, ಇನ್ನೊಬ್ಬರ ನೋವನ್ನು ತನ್ನದೆಂದು ತಿಳಿಯುವುದು. ಆಳುವವರ ಭಾಷೆಯಿಂದಲೇ ಆಯ್ದ ಮಾತಿನಲ್ಲಿ ಶರಣರ ದಯೆಯ ಅರ್ಥವನ್ನು ತುಂಬಿದರು. ಅವರು ಮುಂದೆ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನವೆಂಬ ಆಶ್ರಮವನ್ನು ಕಟ್ಟಿಕೊಂಡು 1942ರಲ್ಲಿ ಕಾಲವಾದರು. ರಾಯಚೂರಿನ ವಿದ್ಯಾಸಂಸ್ಥೆಗಳಲ್ಲಿ ಅವರ ಹೆಸರು ಉಳಿದಿದೆ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ಕೂಡಿದಾಗ, ಶಾಲೆಯಲ್ಲಿ ಕನ್ನಡವನ್ನು ಮೂಲೆಗೆ ಸರಿಸಿದ್ದನ್ನೇ ಕಂಡಿದ್ದ ಈ ಊರಿನ ಮಕ್ಕಳು, ಅದೇ ಭಾಷೆಗೆ ಚಪ್ಪರವೂ ತೋರಣವೂ ಕಟ್ಟಿದುದನ್ನು ನೋಡುವಂತಾಯಿತು.

ಮಠಗಳವರಲ್ಲಿ ಎಲ್ಲಕ್ಕಿಂತ ಕಠಿಣವಾದ ದಾರಿಯನ್ನು ಹಿಡಿದವರು ಬೀದರ ಜಿಲ್ಲೆಯ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು. ಅವರು 1936ರಲ್ಲಿ ಕಮಲನಗರದಲ್ಲಿ ಶಾಲೆಯನ್ನು ಆರಂಭಿಸಿದರು. ಬಾಗಿಲ ಮೇಲೆ ಉರ್ದುವಿನ ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದರೆಂಬ ಸಂಗತಿಯು ನಮ್ಮ ಕಡೆ ಮಕ್ಕಳ ಬಾಯಲ್ಲಿಯೂ ಇದೆ. ಈ ಸಂಗತಿಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ನಗುತ್ತೇವೆ. ಆದರೆ ಒಳಗೆ ಕುಳಿತ ಹುಡುಗನ ಮನಸ್ಸನ್ನು ಯೋಚಿಸಿದರೆ ನಗು ನಿಲ್ಲುವುದು. ತನ್ನ ತಾಯಿಯ ಮಾತನ್ನು ಕಲಿಯುವಾಗ ತನಿಖೆಯವರ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಕೂಡಬೇಕಾದ ಮಗುವಿಗೆ ಭಯವೂ ಅಕ್ಷರವೂ ಒಟ್ಟಿಗೆ ಕಲಿತಂತಾಗುವುದಿಲ್ಲವೇ? 1890ರಲ್ಲಿ ಹುಟ್ಟಿ 1999ರವರೆಗೆ ಬಾಳಿದ ಆ ಪೂಜ್ಯರು ಈ ಭಯವು ಅಳಿದ ಕಾಲವನ್ನೂ ಐವತ್ತು ವರ್ಷ ಕಂಡರು.

ವಿದ್ಯಾರ್ಥಿಗಳ ಸಹಜೀವನವು ರಾಜ್ಯಕ್ಕೂ ಚಿಂತೆಯಾಗಬಹುದೆಂಬುದಕ್ಕೆ 1938ರ ಪ್ರಸಂಗವು ಸಾಕ್ಷಿ. ಉಸ್ಮಾನಿಯಾದ ವಸತಿಗೃಹಗಳಲ್ಲಿ ಹಿಂದೂ ವಿದ್ಯಾರ್ಥಿಗಳು ತಮ್ಮ ಪ್ರಾರ್ಥನೆಯ ಕೋಣೆಯಲ್ಲಿ ವಂದೇ ಮಾತರಂ ಹಾಡನ್ನು ಹಾಡಿದರು. ಹಾಡಕೂಡದೆಂದು ಆಜ್ಞೆಯಾಯಿತು. ಅವರು ಒಪ್ಪಲಿಲ್ಲ. ಮೊದಲು ವಸತಿಗೃಹದಿಂದ, ಬಳಿಕ ತರಗತಿಯಿಂದ ಹೊರಗೆ ಹಾಕಲ್ಪಟ್ಟರು. ನೂರಾರು ಮಂದಿಗೆ ನಾಗಪುರ ವಿಶ್ವವಿದ್ಯಾಲಯವು ಆಶ್ರಯವನ್ನು ಕೊಟ್ಟಿತು; ಅವರಲ್ಲಿ ಮುಂದೆ ಭಾರತದ ಪ್ರಧಾನಿಗಳಾದ ಪಿ. ವಿ. ನರಸಿಂಹರಾಯರೂ ಇದ್ದರು. ಈ ಗಲಭೆಯು ಕಲಬುರ್ಗಿಯ ಕಾಲೇಜನ್ನೂ ಮುಟ್ಟಿತು. ಪುಸ್ತಕವನ್ನು ಸರಕಾರವು ಗೊತ್ತುಮಾಡಬಲ್ಲದು, ಪರೀಕ್ಷೆಯನ್ನು ಗೊತ್ತುಮಾಡಬಲ್ಲದು. ಹತ್ತು ಹುಡುಗರು ಒಂದು ಕೋಣೆಯಲ್ಲಿ ಕೂಡಿ ಪ್ರಾರ್ಥಿಸುವಾಗ ಏನನ್ನು ಹಾಡುವರೆಂಬುದು ಮಾತ್ರ ಅದರ ಕೈಗೆ ಸಿಗಲಿಲ್ಲ.

1947ರ ಆಗಸ್ಟಿನಲ್ಲಿ ದೇಶವು ಸ್ವತಂತ್ರವಾದರೂ ನಮ್ಮ ಸೀಮೆಗೆ ಸ್ವಾತಂತ್ರ್ಯವು ಬಂದದ್ದು 1948ರ ಸೆಪ್ಟೆಂಬರ 17ರಂದು. ನಡುವಿನ ಹದಿಮೂರು ತಿಂಗಳು ಶಾಲೆಗಳ ಪಾಲಿಗೆ ಶೂನ್ಯಕಾಲ. ರಜಾಕಾರರ ಹಾವಳಿಗೆ ಅಂಜಿ ಅನೇಕ ಮನೆತನಗಳು ಹೊಳೆಯಾಚೆಗೆ ಹೋದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಮುಂದಾಳುತನದಲ್ಲಿ ನಡೆದ ಶಿಬಿರಕ್ಕೆ ಓದನ್ನು ಬಿಟ್ಟು ಸೇರಿದ ತರುಣರು ಹಲವರು. ಬಳಿಕ ಶಾಲೆಗಳು ಮತ್ತೆ ತೆರೆದಾಗ ವಾರದ ರಜೆಯು ಶುಕ್ರವಾರದಿಂದ ಆದಿತ್ಯವಾರಕ್ಕೆ ಸರಿಯಿತು, ಫಸಲಿಯು ಹೋಗಿ ಇಸವಿಯು ಬಂದಿತು, ಕ್ರಮವಾಗಿ ಕನ್ನಡವು ಪಾಠದ ಭಾಷೆಯಾಯಿತು. ಉರ್ದುವಿನಲ್ಲಿ ಪರೀಕ್ಷೆ ಕೊಟ್ಟು ಬಂದ ಶಿಕ್ಷಕರೇ ಕನ್ನಡದಲ್ಲಿ ಗಣಿತವನ್ನು ಹೇಳಬೇಕಾದಾಗ ಪಾರಿಭಾಷಿಕ ಪದಗಳಿಗಾಗಿ ಪಟ್ಟ ಪಾಡು ಸಣ್ಣದಲ್ಲ. 1956ರ ನವೆಂಬರ 1ರಂದು ರಾಯಚೂರು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು; ಆಲಂಪುರ ಗದ್ವಾಲಗಳು ಆಂಧ್ರಕ್ಕೆ ಹೋದವು.

ಇಷ್ಟರವರೆಗೆ ಹೊಗಳಿಕೆಯಾಯಿತು. ಈಗ ಪಂಕ್ತಿಯ ವಿಷಯವಾಗಿ ಕಹಿಯಾದ ಮಾತನ್ನೂ ಹೇಳಬೇಕು; ಮಠದ ಸಂಪುಟದಲ್ಲಿ ಅದು ಬೇಡವೆಂದು ಕೆಲವು ಹಿರಿಯರು ಭಾವಿಸಬಹುದು, ಕ್ಷಮಿಸಬೇಕು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹುಟ್ಟಿದ ವಸತಿಗೃಹಗಳು ಹೆಚ್ಚಾಗಿ ಜಾತಿಗೊಂದರಂತೆ ಹುಟ್ಟಿದವು. ಕೊಲ್ಲಾಪುರದ ಶಾಹೂ ಮಹಾರಾಜರು 1901ರಿಂದ ಮುಂದೆ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಇನ್ನಿತರರಿಗೆ ಬೇರೆ ಬೇರೆ ಬೋರ್ಡಿಂಗುಗಳಿಗೆ ನೆರವಾದದ್ದಕ್ಕೆ ಅಂದಿನ ಸಮಾಜದ ಸ್ಥಿತಿಯೇ ಕಾರಣ. ಧಾರವಾಡದಲ್ಲಿಯೂ ಅದೇ ಕ್ರಮ ನಡೆಯಿತು. ಹಿಂದುಳಿದ ಜನಾಂಗವು ತನ್ನ ಮಕ್ಕಳನ್ನು ತಾನು ಸಾಕಿಕೊಳ್ಳುವುದು ತಪ್ಪಲ್ಲ. ಆದರೆ ದಾಸೋಹವೆಂಬ ಪದಕ್ಕೆ ನಮ್ಮ ಶರಣರು ಕೊಟ್ಟ ಅರ್ಥವು ಅಷ್ಟು ಚಿಕ್ಕದಾಗಿರಲಿಲ್ಲ. ಲಿಂಗಾಯತರ ಒಳಗೇ ಅಯ್ಯಗಳು ಮೊದಲು, ಉಳಿದವರು ಆಮೇಲೆ ಎಂಬ ಪಂಕ್ತಿಗಳು ಕೆಲವೆಡೆ ಇದ್ದವು. ಹೊಲೆಮಾದರ ಹುಡುಗನಿಗೆ ಅಂಗಳವೇ ಗಡಿಯಾಗಿದ್ದ ಮಠಗಳೂ ಇದ್ದವು. ಬಸವಣ್ಣನವರ ಹೆಸರನ್ನು ಪ್ರಾರ್ಥನೆಯಲ್ಲಿ ಹೇಳಿ, ಎದ್ದು ಬೇರೆ ಬೇರೆ ಸಾಲುಗಳಲ್ಲಿ ಉಣ್ಣಲು ಕುಳಿತುದು ನಮ್ಮ ಚರಿತ್ರೆಯ ಭಾಗವೇ ಹೌದು.

ಅದು ಬದಲಾದದ್ದೂ ಮಠಗಳಿಂದಲೇ. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳ ಬೆಂಬಲದಿಂದ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಮೊದಲು ಮಾಡಿದಾಗಿನಿಂದ, ಬಸವಣ್ಣನವರು ಪೂಜೆಯ ಮೂರ್ತಿಯಾಗಿ ಮಾತ್ರವಲ್ಲದೆ ಪ್ರಶ್ನೆ ಕೇಳುವ ಗುರುವಾಗಿಯೂ ವಿದ್ಯಾರ್ಥಿಗಳ ನಡುವೆ ಬಂದರು. ಜಯಂತಿಯ ಭಾಷಣಕ್ಕೆ ಸಿದ್ಧನಾದ ಹುಡುಗನು ವಚನವನ್ನು ಓದುವನು, ಓದಿದ ಮೇಲೆ ಪಂಕ್ತಿಯನ್ನು ನೋಡುವನು. ಸಿದ್ಧಗಂಗೆಯಲ್ಲಿ 1941ರಿಂದ ಹೊಣೆಯನ್ನು ಹೊತ್ತ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಸುಮಾರು 10,000 ಮಕ್ಕಳು ಜಾತಿ ಮತಗಳ ಭೇದವಿಲ್ಲದೆ ಅಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಒಂದು ಕಾಲಕ್ಕೆ ನಮ್ಮ ಜಿಲ್ಲೆಗೇ ಸೇರಿದ್ದು 1997ರಲ್ಲಿ ಬೇರೆಯಾದ ಕೊಪ್ಪಳದ ಗವಿಮಠವೂ ಸಾವಿರಾರು ಮಕ್ಕಳನ್ನು ಸಾಕಿ ಓದಿಸುತ್ತಿರುವುದನ್ನು ನಮ್ಮ ಸೀಮೆಯವರು ಕಣ್ಣಾರೆ ಕಂಡಿದ್ದಾರೆ.

ಹೆಣ್ಣುಮಕ್ಕಳ ಮಾತಿಗೆ ಬಂದರೆ ಇಷ್ಟು ಧೈರ್ಯವಾಗಿ ಬರೆಯಲು ಆಗುವುದಿಲ್ಲ. ಕಲಬುರ್ಗಿಯ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪಗಳು 1934ರಲ್ಲಿ ಅಕ್ಕಮಹಾದೇವಿಯ ಹೆಸರಿನಲ್ಲಿ ಕನ್ಯಾಪಾಠಶಾಲೆಯನ್ನು ತೆರೆದದ್ದು ಆ ಕಾಲಕ್ಕೆ ದೊಡ್ಡ ಸಾಹಸವು. ಆದರೆ ಅದು ಒಂದು. ಗಂಡುಮಕ್ಕಳಿಗೆ ಪ್ರಸಾದನಿಲಯಗಳು ಹತ್ತಾರು ಆದಾಗಲೂ ಹೆಣ್ಣುಮಕ್ಕಳಿಗೆ ಅಂಥ ವ್ಯವಸ್ಥೆಯು ಬಹುಕಾಲ ಆಗಲಿಲ್ಲ. 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಅಕ್ಷರಸ್ಥರು ನೂರಕ್ಕೆ 75.36 ಇದ್ದರೆ ರಾಯಚೂರು ಜಿಲ್ಲೆಯಲ್ಲಿ 59.56, ಸ್ತ್ರೀಯರಲ್ಲಿ 48.73 ಮಾತ್ರ. ಅಂದರೆ ಅಕ್ಕನ ಪುರಾಣವನ್ನು ಶ್ರಾವಣದಲ್ಲಿ ಕೇಳಿದ ನಮ್ಮ ತಾಯಂದಿರು ಅಕ್ಕತಂಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಅದನ್ನು ತಾವಾಗಿ ಓದಲಾರದೆ ಇದ್ದರು. ಮುಷ್ಟಿ ಕಾಳನ್ನು ಎತ್ತಿಟ್ಟವರು ಅವರೇ ಎಂಬುದು ನೆನಪಾದಾಗ ಈ ಅಂಕಿಯು ಇನ್ನಷ್ಟು ಚುಚ್ಚುವುದು.

2002ರಲ್ಲಿ ನಂಜುಂಡಪ್ಪನವರ ಸಮಿತಿಯು ದೇವದುರ್ಗ ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ಅದೇ ವರ್ಷ ಸರಕಾರವು ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟವನ್ನು ಆರಂಭಿಸಿದಾಗ ಮೊದಲು ಆಯ್ದುಕೊಂಡದ್ದು ರಾಯಚೂರನ್ನೂ ಒಳಗೊಂಡ ಈಶಾನ್ಯದ ಏಳು ಜಿಲ್ಲೆಗಳನ್ನು, ಇಟ್ಟ ಹೆಸರು ಅಕ್ಷರ ದಾಸೋಹ. ಕೆಲವು ವರ್ಷಗಳಲ್ಲಿ ಅದು ಪ್ರೌಢಶಾಲೆಯ ತರಗತಿಗಳಿಗೂ ವಿಸ್ತರಿಸಿತು. ಮಠದ ಮಾತನ್ನು ಸರಕಾರವು ಕಡ ತಂದಿತೆಂದು ನಾವು ಸಂತೋಷಪಟ್ಟೆವು. ಆದರೆ ಮಾತಿನ ಹಿಂದೆ ಅದರ ನೇಮವೂ ಬರಬೇಕೆಂದು ಕೆಲವರು ಅಪೇಕ್ಷಿಸಿದರು. 2021ರ ಕೊನೆಗೆ ನಮ್ಮ ಭಾಗದ ಶಾಲೆಗಳಲ್ಲಿ ಅಪೌಷ್ಟಿಕತೆಯ ನಿವಾರಣೆಗೆಂದು ಮೊಟ್ಟೆಯನ್ನು, ಬೇಡದವರಿಗೆ ಬಾಳೆಹಣ್ಣನ್ನು ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದುದು ಎಲ್ಲರಿಗೂ ತಿಳಿದಿದೆ. ಈ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳವರು ಈ ಸಂಪುಟದ ಓದುಗರಲ್ಲಿಯೂ ಇರುವರು. ನನಗೆ ತೋರುವುದಿಷ್ಟೆ: ಮಠದ ಪಂಕ್ತಿಯಲ್ಲಿ ಏನು ಬಡಿಸಬೇಕೆಂಬುದು ಮಠದ ಆಚಾರಕ್ಕೆ ಸೇರಿದ್ದು, ಸರಕಾರದ ಶಾಲೆಯ ಪಂಕ್ತಿಯಲ್ಲಿ ಕುಳಿತ ಮಗುವಿನ ಮನೆಯ ಆಚಾರವು ಬೇರೆ ಇದ್ದೀತು, ಅದರ ಮೈಯ ಅವಶ್ಯಕತೆಯೂ ಬೇರೆ ಇದ್ದೀತು. ವಾರಾನ್ನದ ಹುಡುಗನು ಯಜಮಾನಿಯ ಮುಖವನ್ನು ನೋಡಿ ಉಂಡಂತೆ ಈ ಮಗುವೂ ನಮ್ಮ ಮುಖವನ್ನು ನೋಡಿ ಉಣ್ಣುವಂತಾಗಬಾರದು.

ಇಂದು ಹಳ್ಳಿಗಳ ಸಮೀಪದಲ್ಲಿಯೇ ಪ್ರೌಢಶಾಲೆಗಳಿವೆ, ಸರಕಾರದ ವಸತಿನಿಲಯಗಳಿವೆ. ತುಂಗಭದ್ರೆಯ ಎಡದಂಡೆಯ ಕಾಲುವೆಯು ಮಾನ್ವಿಯ ಹೊಲಗಳಿಗೆ ನೀರನ್ನು ತಂದ ಮೇಲೆ ಜೋಳದ ಸೀಮೆಯು ಭತ್ತದ ಸೀಮೆಯಾಗಿ, ಹಗೇವುಗಳು ಮುಚ್ಚಿಹೋಗಿ, ಪ್ರಸಾದದಲ್ಲಿ ಅನ್ನವು ರೊಟ್ಟಿಯ ಸ್ಥಾನವನ್ನು ಹಿಡಿದಿದೆ. ನೀರು ಮುಟ್ಟದ ಹಳ್ಳಿಗಳಿಂದ ಸುಗ್ಗಿಯ ಬಳಿಕ ಕುಟುಂಬಗಳು ಬೆಂಗಳೂರು, ಹೈದರಾಬಾದುಗಳ ಕಡೆಗೆ ದುಡಿಯಲು ಹೊರಡುತ್ತವೆ. ಅವರೊಡನೆ ಮಕ್ಕಳೂ ಹೊರಡುವರು. ಎರಡನೆಯ ಅವಧಿಯ ಹಾಜರಿ ಪುಸ್ತಕದಲ್ಲಿ ಸಾಲು ಸಾಲಾಗಿ ಗೈರುಹಾಜರಿಯ ಗುರುತು ಬೀಳುವುದು. ಹಿಂದೆ ಹುಡುಗನು ಶಾಲೆಗಾಗಿ ಊರನ್ನು ಬಿಡುತ್ತಿದ್ದನು. ಈಗ ಶಾಲೆಯು ಊರಿಗೆ ಬಂದಿದೆ, ಹುಡುಗನು ಊರಿನಲ್ಲಿಲ್ಲ. ತಂದೆತಾಯಿಗಳು ದುಡಿಯಲು ಹೋದ ಆ ನಾಲ್ಕಾರು ತಿಂಗಳ ಮಟ್ಟಿಗಾದರೂ ಇಂಥ ಮಕ್ಕಳನ್ನು, ಹೆಣ್ಣು ಗಂಡೆಂಬ ಭೇದವಿಲ್ಲದೆ, ಊರಿನ ಮಠಗಳು ಇರಿಸಿಕೊಂಡು ಸಾಕಿದರೆ ಹಳೆಯ ಪ್ರಸಾದನಿಲಯದ ಕೆಲಸವು ಹೊಸ ರೂಪದಲ್ಲಿ ಮುಂದುವರಿದಂತಾದೀತು. ಇದಕ್ಕೆ ದೊಡ್ಡ ಕಟ್ಟಡವು ಬೇಕಿಲ್ಲ. ಪಡಸಾಲೆಯೂ ದಾಸೋಹದ ಮನೆಯೂ ಮೊದಲಿನಿಂದ ಇದ್ದೇ ಇವೆ.

ಕೊನೆಗೆ ಸದ್ಭಕ್ತರಲ್ಲಿ ಒಂದು ಬಿನ್ನಹ. ಹಳೆಯ ಹಾಜರಿ ಪುಸ್ತಕಗಳು, ಉರ್ದುವಿನಲ್ಲಿ ಕೊಟ್ಟ ಸನದುಗಳು, ಶಾಲೆಗಳ ಅವಧಿಯ ವರದಿಗಳು, ಉಗ್ರಾಣದ ಲೆಕ್ಕಗಳು, ಕೈಬರಹದ ಪತ್ರಿಕೆಗಳು, ಪಡಸಾಲೆಯ ಮುಂದೆ ಸಾಲಾಗಿ ನಿಂತು ತೆಗೆಯಿಸಿದ ಭಾವಚಿತ್ರಗಳು ಯಾರ ಮನೆಯಲ್ಲಿಯಾದರೂ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿದ್ದರೆ, ಅವುಗಳನ್ನು ಶ್ರೀಮಠದ ಗ್ರಂಥಭಂಡಾರಕ್ಕೆ ತಲುಪಿಸುವ ಕೃಪೆ ಮಾಡಬೇಕು. ಉರ್ದು ಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಆ ಸನದುಗಳನ್ನು ಓದಿಸಿಕೊಳ್ಳಬೇಕು. ಭಾವಚಿತ್ರಗಳ ಹಿಂದೆ ಹೆಸರುಗಳು ಇಲ್ಲದಿದ್ದರೆ, ಗೊತ್ತಿದ್ದಷ್ಟನ್ನು ಸೀಸದ ಕಡ್ಡಿಯಿಂದ ಬರೆದು ಕಳುಹಿಸಿರಿ. ಬಡಿಸುವ ಹುಟ್ಟನ್ನು ಕೈಯಲ್ಲಿ ಹಿಡಿದು ಅಂಚಿನಲ್ಲಿ ನಿಂತವನ ಹೆಸರನ್ನು ಮರೆಯಬೇಡಿರಿ.